ಕತ್ತು ಎತ್ತಿದ ಹಕ್ಕಿಗಳು

ತಾನು ಕೆತ್ತಿದ ಮರದ ಹಕ್ಕಿಗಳನ್ನು ನಡುಗಡ್ಡೆಯ ಮೇಲೆ ನಿಲ್ಲಿಸಿ ಬಂದಂದಿನಿಂದ ಮೇಸ್ತ್ರಿಗೆ ಏರಿಯ ಮೇಲೆ ಕೂರುವುದೇ ಕೆಲಸವಾಯಿತು. ಪಕ್ಕದಲ್ಲಿ, ಇಲ್ಲಿನ ಹಕ್ಕಿಗಳ ಅಧ್ಯಯನಕ್ಕೆ ಬಂದಿದ್ದ ಹಕ್ಕಿ ಮೇಡಮ್ ಮಡಚುವ ಕುರ್ಚಿ ಹಾಕಿಕೊಂಡು, ದುರ್ಬೀನು ಹಿಡಿದು ಕೂತಿರುತ್ತಿದ್ದರು. ಇಬ್ಬರ ನಡುವೆ ಒಂದು ಫ್ಲಾಸ್ಕು. ಇಬ್ಬರಿಗೂ ಮಾತು ಕಡಿಮೆ.

ನಿಜದ ಹಕ್ಕಿಗಳು ಬರುತ್ತಿದ್ದವು. ಸಂಕಟ ಅದೇ. ಬಾರದೇ ಇದ್ದಿದ್ದರೆ ಮನಸ್ಸಿಗೆ ಏನೋ ಒಂದು ಸಮಾಧಾನ ಹೇಳಿಕೊಳ್ಳಬಹುದಿತ್ತು. ಹಳೇ ದಡದಿಂದ ಎದ್ದು, ನೀರಿನ ಮೇಲೆ ತೇಲಿ ಬಂದು, ನಡುಗಡ್ಡೆಯನ್ನು ಒಂದು ಸುತ್ತು ಹಾಕಿ, ಕಾಲು ಇಳಿಬಿಟ್ಟು ಇನ್ನೇನು ಕೂತವು ಅನ್ನುವಷ್ಟರಲ್ಲಿ ಕಿರ್‍ರೆಂದು ಚೀರಿ ಮೇಲಕ್ಕೆ ಹೋಗಿಬಿಡುತ್ತಿದ್ದವು.

"ಏನು ಕಂಡು ಹೆದರ್ತವೆ ಮೇಸ್ತ್ರಿ ಇವು? ಹದ್ದಿಲ್ಲ, ನಾಯಿಯಿಲ್ಲ," ಎಂದರು ಮೇಡಮ್.

"ನನ್ನ ಕೆಲಸ ಕಂಡೇ ಹೆದರ್ತಿರಬೇಕು ಬಿಡಿ."

ಮೇಡಮ್ ನಗಲಿಲ್ಲ. ಅವನೂ ನಗಿಸಲೆಂದು ಹೇಳಿರಲಿಲ್ಲ.

ಮೇಸ್ತ್ರಿ ಮೂಲದಲ್ಲಿ ದೋಣಿ ಮಾಡುವವನು. ಈ ಜೌಗು ಒಂದು ಕಾಲಕ್ಕೆ ಕಣ್ಣು ಹಾಯುವವರೆಗೂ ಹರಡಿತ್ತು. ಮೀನು ಹಿಡಿಯುವವರಿಗೂ ಜೊಂಡು ಕೊಯ್ಯುವವರಿಗೂ ಅವನ ದೋಣಿಯೇ ಆಗಬೇಕು. "ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ, ನಮಗೆ ಕೈಯೂ ಕೆಸರು ಬಾಯಿಯೂ ಕೆಸರು," ಎಂದು ನಗುತ್ತಲೇ ಎರಡು ತಲೆಮಾರು ಬದುಕಿದ ದಡ ಅದು. ಆಮೇಲೆ ಪಟ್ಟಣ ಬಂತು. ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ. ಲಾರಿಗಳು ಮಣ್ಣು ಸುರಿದವು, ಸುರಿದಲ್ಲಿ ಮನೆಗಳೆದ್ದವು, ಮನೆಗಳಿಗೆ ರಸ್ತೆ ಬೇಕಾಯಿತು. ದೋಣಿ ಯಾರಿಗೂ ಬೇಡವಾಯಿತು. ಅವನು ಮಾಡಿದ ಕೊನೆಯ ದೋಣಿ ಕೊಳ್ಳುವವರಿಲ್ಲದೆ ಹಳೇ ದಡದಲ್ಲೇ ಬೋರಲು ಬಿದ್ದಿತ್ತು. ಹೆಸರು ಮಾತ್ರ ದೋಣಿ ಮೇಸ್ತ್ರಿ ಎಂದೇ ಉಳಿಯಿತು.

ಈಗ ಹೊಸ ರಸ್ತೆ ಹಾಯುತ್ತಿರುವುದು ಆ ಹಳೇ ದಡದ ಮೇಲೆಯೇ. ಅಲ್ಲಿನ ಗರಸು ನೆಲದಲ್ಲಿ ಟೋಪಿಹಕ್ಕಿಗಳು ಮೊಟ್ಟೆಯಿಡುತ್ತಿದ್ದವು. ಬಿಳೀ ಮೈ, ಕವಲು ಬಾಲ, ನೆತ್ತಿಯ ಮೇಲೆ ಮಸಿ ಬಳಿದಂಥ ಕಪ್ಪು ಟೋಪಿ. ಗೂಡು ಎಂದರೆ ಕಾಲಲ್ಲಿ ಕೆದರಿದ ಒಂದು ಕುಳಿ, ಅಷ್ಟೆ. ಮೇಡಮ್ ಕಚೇರಿಯಿಂದ ಕಚೇರಿಗೆ ಅಲೆದು ರಸ್ತೆಯನ್ನು ಒಂದಿಷ್ಟು ಪಕ್ಕಕ್ಕೆ ಸರಿಸಿದರು. ಬೆಳಕು ನೀರಿನ ಮೇಲೆ ಬೀಳದಂತೆ ದೀಪಗಳಿಗೆ ಮುಚ್ಚಳ ಹಾಕಿಸಿದರು. ಉಳಿದ ನೀರಿನ ನಡುವೆ ಗರಸು ಸುರಿಸಿ ಒಂದು ನಡುಗಡ್ಡೆ ಕಟ್ಟಿಸಿದರು. ಈ ಸಲದ ಮೊಟ್ಟೆ ಕಾಲದಲ್ಲಿ ಹಕ್ಕಿಗಳು ಅಲ್ಲಿಗೆ ಬಂದರೆ ಉಳಿದ ನೀರನ್ನು ಹಕ್ಕಿಗಳಿಗೇ ಬಿಟ್ಟುಕೊಡುವುದು. ಬಾರದಿದ್ದರೆ ಅದಕ್ಕೂ ಮಣ್ಣು ತುಂಬಿ ಮನೆ ಕಟ್ಟುವುದು. ಹೀಗೆಂದು ಮಾತಾಗಿತ್ತು. ರಸ್ತೆಯ ಎಂಜಿನಿಯರು ಒಳ್ಳೆಯ ಮನುಷ್ಯನೇ. "ಬಂದ್ರೆ ನನಗೂ ಖುಷಿ ಮೇಡಮ್. ಬರದಿದ್ರೆ ನಾನೇನು ಕರ್ಕೊಂಡು ಬರ್ಲಾ?" ಎಂದಿದ್ದ.

ಕರೆದುಕೊಂಡು ಬರುವುದಕ್ಕೇ ಮರದ ಹಕ್ಕಿಗಳು. ಈ ಜಾತಿ ಒಂಟಿಯಾಗಿ ಇಳಿಯುವುದಿಲ್ಲ. ತಮ್ಮವರು ಮೊದಲೇ ಕೂತಿರುವುದು ಕಂಡರೆ ಮಾತ್ರ ಇಳಿಯುತ್ತದೆ ಎಂದು ಮೇಡಮ್ ಹೇಳಿದ್ದರು. ಮೇಸ್ತ್ರಿ ಚಳಿಗಾಲವೆಲ್ಲ ಉಳಿ ಹಿಡಿದು ಕೂತ. ಹುಟ್ಟಿದಂದಿನಿಂದ ನೋಡಿದ ಹಕ್ಕಿ, ತಪ್ಪಲು ಸಾಧ್ಯವೇ ಇಲ್ಲ. ಎದೆ ಮುಂದೆ, ಕತ್ತು ಸೆಟೆದು ನೇರ, ಕೊಕ್ಕು ಒಂದಿಷ್ಟು ಓರೆ. ಮೇಡಮ್ ಕೊಟ್ಟ ಫೋಟೋಗಳಲ್ಲೂ ಹಾಗೇ ನಿಂತಿದ್ದವು. ಮೂವತ್ತು ಚಿಲ್ಲರೆ ಹಕ್ಕಿಗಳನ್ನು ಬಣ್ಣ ಹಚ್ಚಿ ಸಾಲಾಗಿ ಇಟ್ಟಾಗ ಮೇಡಮ್ ಒಂದೊಂದನ್ನೂ ಎತ್ತಿ ನೋಡಿ, ಚೆನ್ನಾಗಿವೆ ಅಂದರು. ಹೆಂಡತಿ ಹೋದ ಮೇಲೆ ಮೇಸ್ತ್ರಿಗೆ ಒಂದು ಸಂಜೆ ಹಗುರಾಗಿ ಕಂಡಿದ್ದರೆ ಅದೊಂದೇ.

ಹೆಂಡತಿ ತೀರಿಕೊಂಡ ವರ್ಷವೇ ಅವನ ಹಳೇ ಮನೆಯೂ ರಸ್ತೆಗೆ ಹೋಯಿತು. ತಂಗಿ ಬಂದು, ಕೇಳುವ ಗೋಜಿಗೇ ಹೋಗದೆ, ಅವನ ಪೆಟ್ಟಿಗೆಯನ್ನೂ ಉಳಿ ಬಾಚಿಗಳನ್ನೂ ಗಾಡಿಗೆ ಹಾಕಿಸಿಕೊಂಡು ತನ್ನ ಮನೆಗೆ ಕರೆದೊಯ್ದಳು. ತಂಗಿ, ಅವಳ ಗಂಡ, ಮಗಳು. ಹಿತ್ತಲಲ್ಲಿ ಕೆಲಸಕ್ಕೊಂದು ತಗಡಿನ ಮಾಡು, ಅದಕ್ಕೆ ಅಂಟಿಕೊಂಡು ಅವನಿಗೊಂದು ಕೋಣೆ. ತಂಗಿಯ ಗಂಡ ಅವನನ್ನು ಭಾವ ಅನ್ನುತ್ತಿದ್ದ, ಅವನೂ ತಂಗಿಯ ಗಂಡನನ್ನು ಭಾವ ಅನ್ನುತ್ತಿದ್ದ. "ಭಾವ ಊಟಕ್ಕೆ ಬಂದ್ರಾ?" "ನೀವು ಮೊದ್ಲು ಕೂತ್ಕೊಳಿ ಭಾವ." ಅಲ್ಲಿಗೆ ಅವರ ಮಾತು ಮುಗಿಯುತ್ತಿತ್ತು. ಕೊರತೆ ಯಾವುದೂ ಇರಲಿಲ್ಲ. ಬಿಸಿನೀರು, ಒಗೆದ ಬಟ್ಟೆ, ಮೀನಿನಲ್ಲಿ ಒಳ್ಳೆಯ ತುಂಡು. ಬಂದ ಹೊಸತರಲ್ಲಿ ದುಃಖದ ಮನುಷ್ಯನೆಂದು ಅವನ ಎದುರು ಎಲ್ಲರೂ ದನಿ ತಗ್ಗಿಸಿದ್ದರು. ತಗ್ಗಿಸಿದ್ದನ್ನು ಮತ್ತೆ ಎತ್ತುವುದು ಯಾವಾಗ ಎಂದು ಯಾರಿಗೂ ತಿಳಿಯಲಿಲ್ಲ. ಅವನೂ, ತಂಗಿಯ ಸಂಸಾರದೊಳಗೆ ಹೇಳದೆ ಕೇಳದೆ ನುಗ್ಗಬಾರದೆಂದು, ಬಾಗಿಲಲ್ಲಿ ಒಮ್ಮೆ ಕೆಮ್ಮಿಯೇ ಒಳಗೆ ಕಾಲಿಡುತ್ತಿದ್ದ.

ಆ ದಿನ ಗಾಳಿ ಜೋರಾಗಿತ್ತು. ಹಕ್ಕಿಗಳು ನಡುಗಡ್ಡೆಯ ಕಡೆ ಸುಳಿಯಲೇ ಇಲ್ಲ. ಮೇಸ್ತ್ರಿ ಮಧ್ಯಾಹ್ನಕ್ಕೇ ಮನೆಗೆ ಹೊರಟ. ಹಿತ್ತಲಿಗೆ ಬರುವಷ್ಟರಲ್ಲಿ ಅಡುಗೆಮನೆಯಿಂದ ನಗು ಕೇಳಿಸಿತು. ಕಿಟಕಿ ತೆರೆದಿತ್ತು. ಸೊಸೆ, ಅಂದರೆ ತಂಗಿಯ ಮಗಳು, ಕನ್ನಡಕದಂಗಡಿಯಲ್ಲಿ ಕೆಲಸ ಮಾಡುವವಳು. ಆ ಹೊತ್ತು ಯಾರೋ ಮುದುಕನ ಅಣಕ ಮಾಡುತ್ತಿದ್ದಳು.

"'ಕೊನೇ ಸಾಲು ಓದಿ ತಾತ' ಅಂದೆ. 'ಯಾವ ಸಾಲಮ್ಮಾ?' ಅಂದ್ರು. 'ಗೋಡೆ ಮೇಲಿರೋದು' ಅಂದೆ. 'ಗೋಡೆ ಎಲ್ಲಮ್ಮಾ ಇದೆ?' ಅನ್ನೋದಾ!"

ತಂಗಿ ಗೋಡೆಗೆ ತಲೆ ಆನಿಸಿ, ಬಾಯಿ ತೆರೆದು, ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದಳು. ಒಂದು ಕಾಲು ಕುರ್ಚಿಯ ಮೇಲಿತ್ತು. ಭಾವ ತಟ್ಟೆಯ ಮೇಲೆ ಪೂರ್ತಿ ಬಗ್ಗಿ, ಬೆನ್ನು ಕುಲುಕಿಸುತ್ತಿದ್ದ. ಮೇಸ್ತ್ರಿ ನಿಂತು ನೋಡಿದ. ತಂಗಿ ಹೀಗೆ ಕೂತಿದ್ದನ್ನು ಅವನು ಕಂಡದ್ದು ಅವಳು ಲಂಗ ತೊಡುತ್ತಿದ್ದ ಕಾಲದಲ್ಲಿ. ನೋಡುತ್ತಾ ನಿಲ್ಲುವುದು ಸರಿಯಲ್ಲವೆನ್ನಿಸಿ ಬಾಗಿಲಿಗೆ ಹೋದ, ಎಂದಿನಂತೆ ಕೆಮ್ಮಿದ.

ನಗು ನಿಂತಿತು. ಅವನು ಒಳಗೆ ಕಾಲಿಟ್ಟಾಗ ಮೂವರೂ ನೆಟ್ಟಗೆ ಕೂತಿದ್ದರು. ಮೂರು ಕತ್ತು ಸೆಟೆದಿದ್ದವು, ಮೂರು ಮುಖ ಅವನ ಕಡೆಗಿದ್ದವು.

"ಬಂದ್ಯಾ ಅಣ್ಣ? ಊಟ ಬಡಿಸ್ಲಾ?"

ಅವನು ಕೂತ. ತುತ್ತು ಕೈಯಲ್ಲೇ ಉಳಿಯಿತು. ತಂಗಿಯ ಕತ್ತನ್ನು ನೋಡಿದ, ಭಾವನದನ್ನು ನೋಡಿದ, ಸೊಸೆಯದನ್ನು ನೋಡಿದ. ಆ ಕತ್ತುಗಳನ್ನು ಅವನು ಬಲ್ಲ. ಚಳಿಗಾಲವೆಲ್ಲ ಅವನ್ನೇ ಕೆತ್ತಿದ್ದ.

ತಟ್ಟೆ ಬಿಟ್ಟು ಎದ್ದು ಮಾಡಿಗೆ ಬಂದ. ಮಾದರಿಗೆಂದು ಉಳಿಸಿಕೊಂಡಿದ್ದ ಒಂದು ಹಕ್ಕಿ ಬೆಂಚಿನ ಮೇಲಿತ್ತು. ಕತ್ತೆತ್ತಿ ಅವನನ್ನೇ ನೋಡುತ್ತಿತ್ತು. ಹುಟ್ಟಿದಂದಿನಿಂದ ಅವನು ನೋಡಿದ ಹಕ್ಕಿಯೆಂದರೆ ಅವನನ್ನು ನೋಡಿದ ಹಕ್ಕಿ. ದೋಣಿಯಲ್ಲಿ ಹುಟ್ಟು ಹಾಕುತ್ತಾ ಹತ್ತಿರ ಹೋದರೂ, ಹೆಗಲ ಮೇಲೆ ಹಲಗೆ ಹೊತ್ತು ದಡದಲ್ಲಿ ನಡೆದರೂ ಅವು ಎದೆ ಮುಂದೆ ಮಾಡಿ, ಕತ್ತು ಸೆಟೆಸಿ, 'ಯಾರೋ ಬಂದರು' ಎಂದು ನಿಲ್ಲುತ್ತಿದ್ದವು. ಫೋಟೋ ತೆಗೆದವನೂ ಅಲ್ಲೇ ಎದುರಿಗೆ ಇದ್ದನಲ್ಲ. ಈಗ ನಡುಗಡ್ಡೆಯ ತುಂಬ ಮೂವತ್ತು ಹಕ್ಕಿ ಹಾಗೆ ನಿಂತಿದ್ದರೆ ಮೇಲಿಂದ ಬಂದವು ಏನೆಂದುಕೊಂಡಾವು? ಓಡಿ, ಏನೋ ಬಂದಿದೆ!

ಮಾಡಿನ ಬಾಗಿಲಲ್ಲಿ ತಂಗಿ ತಟ್ಟೆ ಹಿಡಿದು ನಿಂತಿದ್ದಳು. ಕಣ್ಣು ತುಂಬಿತ್ತು.

"ಬೇಜಾರಾಯ್ತಾ ಅಣ್ಣ? ನಿನ್ನ ವಿಷಯಕ್ಕೆ ನಗ್ತಿರ್ಲಿಲ್ಲ, ಸತ್ಯವಾಗ್ಲೂ. ಅಂಗಡಿಗೆ ಯಾರೋ ತಾತ ಬಂದಿದ್ರಂತೆ..."

"ಗೊತ್ತು. ಗೋಡೆ ಕಾಣದ ತಾತ. ಕೇಳಿಸ್ತು." ಅವನು ಬೆಂಚನ್ನು ಎಳೆದ. "ಇಲ್ಲಿ ಕೂತ್ಕೋ. ಆಗ ಹೇಗೆ ಕೂತಿದ್ಯೋ ಹಾಗೆ ಕೂತ್ಕೋ."

"ಯಾವಾಗ?"

"ನಾನು ಬರೋ ಮುಂಚೆ."

ತಂಗಿ ಗಾಬರಿಯಿಂದ ತಟ್ಟೆ ಇಟ್ಟು ಕೂತಳು. ಸೆರಗು ಸರಿಮಾಡಿಕೊಂಡಳು. ಕಾಲು ಮೇಲಿಟ್ಟಳು, ಇಳಿಸಿದಳು. ತಲೆ ಹಿಂದಕ್ಕೆ ಆನಿಸಲು ನೋಡಿದಳು, ಹಿಂದೆ ಗೋಡೆಯಿರಲಿಲ್ಲ. "ಹೋಗಣ್ಣ ನೀನೊಬ್ಬ! ಕೂತ್ಕೋ ಅಂದ್ರೆ ಹಾಗೆ ಕೂರೋಕಾಗುತ್ತಾ?"

"ಅದೇ ನೋಡು," ಎಂದ ಮೇಸ್ತ್ರಿ. "ಆಗಲ್ಲ."

ತಂಗಿ ಒಳಗೆ ಹೋಗಿ ಗಂಡನಿಗೆ ಏನು ಹೇಳಿದಳೋ, ಆ ಸಂಜೆ ಭಾವ ತಾನಾಗಿ ಮಾಡಿಗೆ ಬಂದು ಬೆಂಚಿನ ಬಳಿ ನಿಂತ. "ಯೋಚ್ನೆ ಮಾಡ್ಬೇಡಿ ಭಾವ. ಊರಿಗೆ ಬಂದೋಳು ನೀರಿಗೆ ಬರ್ದೇ ಇರ್ತಾಳಾ? ಬರ್ತವೆ," ಎಂದ. ಆಮೇಲೆ ಒಂದು ಉಳಿಯನ್ನೆತ್ತಿ ಅದರ ಅಂಚನ್ನು ನೋಡಿ ಅಲ್ಲೇ ಇಟ್ಟು ಹೋದ.

ಮರುದಿನ ಏರಿಯ ಮೇಲೆ ಮೇಸ್ತ್ರಿ ಮೇಡಮ್‌ಗೆ ಕತ್ತುಗಳ ವಿಷಯ ಹೇಳಿದ. ಅವರು ದುರ್ಬೀನು ಎತ್ತಿ ಮರದ ಹಕ್ಕಿಗಳನ್ನು ಬಹಳ ಹೊತ್ತು ನೋಡಿದರು.

"ಹೌದಲ್ರೀ. ಎಲ್ಲಾ ಪೊಲೀಸ್ನೋರ ಹಾಗೆ ನಿಂತಿವೆ. ಫೋಟೋ ಕೊಟ್ಟೋಳು ನಾನೇ. ಚೆನ್ನಾಗಿವೆ ಅಂದೋಳೂ ನಾನೇ." ದುರ್ಬೀನು ಇಳಿಸಿ ಕೇಳಿದರು, "ಹಾಗಾದ್ರೆ ಯಾರೂ ಇಲ್ದಾಗ ಹೇಗಿರ್ತವೆ?"

"ಯಾರೂ ಇಲ್ದಾಗ ನೋಡ್ದೋರು ಯಾರಿದಾರೆ ಮೇಡಮ್?"

ನೋಡುವುದಕ್ಕೆ ಒಂದು ದಾರಿಯಿತ್ತು. ಹಳೇ ದಡದ ಅರ್ಧವನ್ನು ಯಂತ್ರಗಳು ಆಗಲೇ ಕೆರೆದಿದ್ದವು; ಉಳಿದರ್ಧದಲ್ಲಿ ಅವನ ಕೊನೆಯ ದೋಣಿ ಬೋರಲು ಬಿದ್ದಿತ್ತು. ಹಕ್ಕಿಗಳಿಗೆ ಅದೊಂದು ಬಂಡೆ, ಅಷ್ಟೆ. ಅದರ ಬೆನ್ನ ಮೇಲೆ ಹಿಕ್ಕೆ ಹಾಕುತ್ತಾ ಕೂರುತ್ತಿದ್ದವು. ಹೊತ್ತು ಮೂಡುವ ಮುಂಚೆಯೇ ಮೇಸ್ತ್ರಿ ಹೋಗಿ ಅದರ ಕೆಳಗೆ ತೂರಿಕೊಂಡ. ಹಲಗೆಗಳ ಸಂದಿಗೆ ತುಂಬಿದ್ದ ನಾರನ್ನು ಒಂದು ಕಡೆ ಕಿತ್ತು ಕಣ್ಣಿಟ್ಟ. ಮೂಗಿಗೆ ಹಳೇ ರಾಳದ ವಾಸನೆ. ತಾನೇ ಬಾಚಿ ಹಿಡಿದು ಕೆತ್ತಿದ ಹಲಗೆಗಳು ಮೈಮೇಲೆ ಕವುಚಿಕೊಂಡಿದ್ದವು.

ಬೆಳಕಾದಾಗ ಹಕ್ಕಿಗಳು ಅವನಿಂದ ಮೊಳದಷ್ಟು ದೂರದಲ್ಲಿದ್ದವು. ಅವನು ಉಸಿರು ಬಿಗಿಹಿಡಿದ. ಅವನು ಬಲ್ಲ ಹಕ್ಕಿಗಳೇ ಅಲ್ಲ ಅವು. ಒಂದು ಕತ್ತನ್ನು ಪೂರ್ತಿ ಹಿಂದಕ್ಕೆ ತಿರುಗಿಸಿ ರೆಕ್ಕೆಯೊಳಗೆ ಮುಖ ಹುದುಗಿಸಿ ನಿದ್ದೆ ಹೊಡೆಯುತ್ತಿತ್ತು. ಇನ್ನೊಂದು ಹೊಟ್ಟೆಯೂರಿ, ಬಿಸಿಗೆ ಕರಗಿದ ಮೇಣದ ಹಾಗೆ ನೆಲಕ್ಕೆ ಅಂಟಿಕೊಂಡಿತ್ತು. ಮತ್ತೊಂದು ಒಂಟಿ ಕಾಲ ಮೇಲೆ ನಿಂತು, ಎದೆಯ ಪುಕ್ಕವನ್ನು ಒಂದೊಂದಾಗಿ ಕೊಕ್ಕಿನಿಂದ ಎಳೆದು ಬಿಡುತ್ತಾ, ಏನೋ ಮರೆತು ಹಾಗೇ ನಿಂತಿತು. ಕತ್ತು ಅನ್ನುವುದೇ ಇರಲಿಲ್ಲ ಅವಕ್ಕೆ. ತಲೆ ನೇರ ಹೆಗಲ ಮೇಲೆ ಕೂತಿತ್ತು. ನಡುನಡುವೆ ಗಂಟಲಲ್ಲೇ ಒಂದು ಸಣ್ಣ ಗೊಣಗು. ಆ ಸದ್ದನ್ನೂ ಅವನು ಮೊದಲು ಕೇಳಿರಲಿಲ್ಲ. ಅವನಿಗೆ ಗೊತ್ತಿದ್ದದ್ದು ಚೀರುವುದೊಂದೇ.

ಅಲ್ಲಿ ಮಲಗಿದ್ದಾಗ ಒಂದು ಮಾತು ನೆನಪಾಯಿತು. ಹೆಂಡತಿಯನ್ನು ಮಣ್ಣು ಮಾಡಿ ಬಂದ ದಿನ ಪಕ್ಕದ ಮನೆಯಾಕೆ ಅಂದಿದ್ದಳು: "ಎಂಥಾ ದನಿಯಪ್ಪಾ ಅವಳದು. ಹಾಡೋಕೆ ಶುರು ಮಾಡಿದ್ರೆ ನಾನು ಕೈಕೆಲ್ಸ ಬಿಟ್ಟು ಗೋಡೆ ಹತ್ರ ನಿಲ್ತಿದ್ದೆ." ಬೇರೆ ಯಾರದೋ ವಿಷಯ ಹೇಳುತ್ತಿದ್ದಾಳೆಂದು ಅವನು ತಲೆಯಾಡಿಸಿದ್ದ. ಅವನ ಹೆಂಡತಿ ಹಾಡುತ್ತಿರಲಿಲ್ಲ. ಅಷ್ಟು ವರ್ಷದ ಸಂಸಾರದಲ್ಲಿ ಒಂದು ಸಾಲನ್ನೂ ಅವನು ಕೇಳಿರಲಿಲ್ಲ. ಆ ಮನೆಗೂ ಅವನು ಹೊರಗಿಂದ ಬರುವಾಗ ಹುಟ್ಟನ್ನು ಗೋಡೆಗೆ ಸದ್ದಾಗುವ ಹಾಗೆ ಆನಿಸಿ, ಗಂಟಲು ಸರಿಮಾಡಿಕೊಂಡೇ ಒಳಗೆ ಹೋಗುತ್ತಿದ್ದ.

ಹಕ್ಕಿಗಳು ಮೀನಿಗೆ ಎದ್ದು ಹೋಗುವವರೆಗೆ ಅವನು ಅಲುಗಲಿಲ್ಲ. ಮುಂದಿನ ಕೆಲವು ದಿನ ಬೆಳಗ್ಗೆಯೂ ಹಾಗೇ ಹೋಗಿ ಮಲಗಿದ.

ಮೇಡಮ್ ದೋಣಿಯಲ್ಲಿ ಹೋಗಿ ಮರದ ಹಕ್ಕಿಗಳನ್ನೆಲ್ಲ ಮೂಟೆ ಕಟ್ಟಿ ತಂದುಕೊಟ್ಟರು. ಮೇಸ್ತ್ರಿ ಒಂದೊಂದರ ಕತ್ತನ್ನೂ ಗರಗಸದಿಂದ ಕೊಯ್ದ. ತಂಗಿ ಊಟಕ್ಕೆ ಕರೆಯಲು ಬಂದವಳು ಬೆಂಚಿನ ತುಂಬ ತಲೆಗಳನ್ನು ಕಂಡು ಹಣೆ ಚಚ್ಚಿಕೊಂಡಳು. "ಒಂದು ಚಳಿಗಾಲ ಪೂರ್ತಿ ಕೂತು ಮಾಡಿದ್ದಲ್ಲೋ ಅಣ್ಣ!" ಅವನು ಕತ್ತಿನ ತುಂಡನ್ನು ಎಸೆದು, ತಲೆಯನ್ನು ಹೆಗಲಿಗೇ ಕೂರಿಸಿ ಕೀಲು ಬಡಿದ. ಕೆಲವಕ್ಕೆ ತಲೆಯನ್ನೇ ತಿರುಗಿಸಿ ರೆಕ್ಕೆಯೊಳಗೆ ಹುದುಗಿಸಿದ. ಕೆಲವನ್ನು ಕಾಲು ತೆಗೆದು ಹೊಟ್ಟೆಯ ಮೇಲೆ ಕೂರಿಸಿದ. ಕೀಲಿನ ಗುರುತು ಅಲ್ಲಲ್ಲಿ ಕಾಣುತ್ತಿತ್ತು. ಮೊದಲಿನವುಗಳ ಚೆಂದ ಇವಕ್ಕಿರಲಿಲ್ಲ. ಸೊಸೆ ಬಂದು ನೋಡಿ, "ಇವು ಊಟ ಮಾಡಿ ಬಿದ್ದುಕೊಂಡಿರೋ ಅಪ್ಪನ ಹಾಗಿವೆ ಮಾವ," ಅಂದಳು. ಅಂದವಳು ಅವನ ಮುಖ ನೋಡಿ, ತಪ್ಪು ಮಾತಾಡಿದೆನೇನೋ ಎಂದು ನೆಟ್ಟಗೆ ನಿಂತಳು.

"ಹಾಗೇ ಇರಬೇಕಮ್ಮ," ಎಂದ ಅವನು. ಮತ್ತೆ ಗರಗಸ ಎತ್ತಿಕೊಂಡ. ಅವಳು ಒಂದು ಗಳಿಗೆ ನಿಂತು ಒಳಗೆ ಹೋದಳು.

ಹಕ್ಕಿಗಳನ್ನು ಮತ್ತೆ ನಡುಗಡ್ಡೆಯ ಮೇಲಿಟ್ಟ ದಿನ ಮೇಸ್ತ್ರಿ ಮೇಡಮ್‌ಗೆ ಒಂದು ಮಾತು ಹೇಳಿದ. ಏರಿಯ ಮೇಲೂ ಕೂರುವುದು ಬೇಡ. ಇವರಿಬ್ಬರು ಕೂತಿದ್ದು ಕಂಡು ಹಿಂದೆ ನಾಲ್ಕು ಜನ ನಿಲ್ಲುತ್ತಾರೆ. ಅವರ ಹಿಂದೆ ನಾಯಿ ಬರುತ್ತದೆ.

"ನೋಡ್ದೇ ಹೇಗ್ರೀ ಇರೋದು?" ಎಂದರು ಮೇಡಮ್.

"ನೋಡ್ದೇ ಇರೋದೇ ಕೆಲ್ಸ ಈಗ."

ಅದು ಅವನು ಮಾಡಿದ ಕೆಲಸಗಳಲ್ಲೆಲ್ಲ ಕಷ್ಟದ್ದು. ಬೆಂಚು ಒರೆಸಿದ. ಉಳಿಗಳನ್ನು ಮಸೆದ, ಮಸೆದದ್ದನ್ನೇ ಮತ್ತೆ ಮಸೆದ. ಹಕ್ಕಿಗಳು ಇಳಿಯದಿದ್ದರೆ ಆ ನೀರು ಮಣ್ಣಾಗುತ್ತದೆ, ಅದರ ಜೊತೆಗೆ ತನ್ನನ್ನು ಮೇಸ್ತ್ರಿ ಎಂದು ಕರೆಯಲು ಕಾರಣವಾದ ಕೊನೆಯ ತುಣುಕೂ ಹೋಗುತ್ತದೆ ಎಂದು ಅವನಿಗೆ ಗೊತ್ತಿತ್ತು. ಹೋಗಿ ನೋಡಿದರೆ ತಾನೇ ಕೈಯಾರೆ ಕೆಡಿಸಿದ ಹಾಗೆ ಎಂಬುದೂ ಗೊತ್ತಿತ್ತು. ಮಾಡಿನಲ್ಲೇ ಕೂತ. ಗಾಳಿ ಆ ಕಡೆಯಿಂದ ಬೀಸಿದಾಗ ಕಿವಿಗೊಟ್ಟ. ಲಾರಿಗಳ ಸದ್ದು ಬಿಟ್ಟರೆ ಇನ್ನೇನೂ ಬರಲಿಲ್ಲ.

ಸೊಸೆಯ ಬಸ್ಸು, ನಡುಗಡ್ಡೆ ಕಾಣುವಂತೆ, ನೀರಿನ ಆಚೆ ಬದಿಯ ಸೇತುವೆಯ ಮೇಲಿಂದ ಹೋಗುತ್ತಿತ್ತು. ಒಂದು ಸಂಜೆ ಅವಳು ಕೆಲಸದಿಂದ ಬಂದವಳು ಚೀಲವನ್ನೂ ಇಳಿಸದೆ ನೇರ ಮಾಡಿಗೆ ಬಂದಳು.

"ಮಾವ, ಒಂದು ಕೇಳ್ಲಾ? ನೀವು ಮಾಡಿದ ಹಕ್ಕಿ ಏನಾದ್ರೂ ಓಡಾಡ್ತವಾ?"

"ಯಾಕೆ?"

"ಒಂದು ಎದ್ದು, ಪಕ್ಕಕ್ಕೆ ಹೋಗಿ, ಇನ್ನೊಂದಕ್ಕೆ ಒರಗಿಕೊಂಡು ಕೂತ್ಕೊಳ್ತು. ನನ್ನ ಕಣ್ಣು ಸರಿಯಿದೆ, ಕನ್ನಡಕದಂಗಡಿಯೋಳು ನಾನು. ಮತ್ತೆ ಎಣಿಸೋಣ ಅಂದ್ರೆ ಬಸ್ಸು ಮುಂದೆ ಹೋಯ್ತು. ಆದ್ರೆ ತುಂಬಾ ಇದ್ವು ಮಾವ. ನೀವು ಇಟ್ಟಿದ್ದಕ್ಕಿಂತ ತುಂಬಾ."

ಮೇಸ್ತ್ರಿ ಕೈಲಿದ್ದ ಉಳಿಯನ್ನು ಕೆಳಗಿಟ್ಟ. ಒರಗಿದ್ದು ಯಾವುದಕ್ಕೆ, ಮಲಗಿದ್ದಕ್ಕೋ ನಿಂತದ್ದಕ್ಕೋ ಎಂದು ಕೇಳಬೇಕೆನ್ನಿಸಿತು. "ಒಳ್ಳೇದಾಯ್ತಮ್ಮ," ಎಂದಷ್ಟೇ ಅಂದ.

ಮುಂದೆ ಮೊಟ್ಟೆಗಳೂ ಆದವು. ಕಚೇರಿಯವರು ಬಂದು ಏರಿಯ ಮೇಲಿಂದ ದುರ್ಬೀನಿನಲ್ಲಿ ನೋಡಿ, ಉಳಿದ ನೀರಿಗೆ ಯಾರೂ ಮಣ್ಣು ಹಾಕುವಂತಿಲ್ಲವೆಂದು ಬರೆದುಕೊಟ್ಟರು. ಎಂಜಿನಿಯರೂ ಬಂದು ಮೇಡಮ್ ಕೈ ಕುಲುಕಿದನಂತೆ. ಮೇಡಮ್ ಮನೆಗೇ ಬಂದರು. ಮರಿಗಳಾದ ಮೇಲೆ ಒಂದು ದಿನ ದೋಣಿಯಲ್ಲಿ ಮೆಲ್ಲಗೆ ಹತ್ತಿರ ಹೋಗಿ ಬರೋಣ, ನೀವು ನೋಡದಿದ್ದರೆ ಇನ್ಯಾರು ನೋಡಬೇಕು ಎಂದರು.

"ನಾನು ಹೋದ್ರೆ ಕತ್ತೆತ್ತುತ್ತವೆ ಮೇಡಮ್. ಅದನ್ನ ಬೇಕಾದಷ್ಟು ನೋಡಿದೀನಿ."

ಮೇಡಮ್ ಹೋದ ಮೇಲೆ ಅವನು ಸಂಜೆಯವರೆಗೆ ಊರ ಕಡೆ ಸುಮ್ಮನೆ ತಿರುಗಾಡಿದ. ಹೊಸ ರಸ್ತೆಯ ದೀಪಗಳು ಹತ್ತಿಕೊಂಡವು. ಮುಚ್ಚಳ ಹಾಕಿದ್ದರಿಂದ ಬೆಳಕು ಅವುಗಳ ಕಾಲ ಬುಡದಲ್ಲೇ ಬಿದ್ದಿತ್ತು, ಆಚೆ ನೀರೆಲ್ಲ ಕತ್ತಲು. ಆ ಕತ್ತಲಲ್ಲಿ ಅವನ ಹಕ್ಕಿಗಳು ನಿಜದವುಗಳ ಜೊತೆ ಮಲಗಿದ್ದವು. ಅವನು ಆ ಕಡೆ ತಿರುಗಿ ಒಂದು ಗಳಿಗೆ ನಿಂತು, ಮನೆಯ ದಾರಿ ಹಿಡಿದ.

ಹಿತ್ತಲಿಗೆ ಬಂದಾಗ ಅಡುಗೆಮನೆಯಲ್ಲಿ ದೀಪವಿತ್ತು. ಸೊಸೆ ಇವತ್ತು ಯಾರನ್ನೋ ಹೊಸಬರನ್ನು ಅಣಕಕ್ಕೆ ಹಿಡಿದಿದ್ದಳು, ಮಾತು ಸ್ಪಷ್ಟವಿರಲಿಲ್ಲ. ಭಾವ ಕೆಮ್ಮು ಬರುವಷ್ಟು ನಗುತ್ತಿದ್ದ. "ಸಾಕು ಮಾರಾಯ್ತಿ, ಹೊಟ್ಟೆ ಹಿಡ್ಕೊಳ್ತು," ಎನ್ನುತ್ತಿದ್ದಳು ತಂಗಿ. ನಡುವೆ ಒಮ್ಮೆ ಅವಳ ದನಿ ಇಳಿಯಿತು. "ಅಣ್ಣ ಇನ್ನೂ ಬಂದಿಲ್ವಲ್ಲೇ." "ಬರ್ತಾರೆ ಬಿಡಮ್ಮ. ಕೇಳು, ಆಮೇಲೆ ಏನಾಯ್ತು ಅಂದ್ರೆ..."

ಮೇಸ್ತ್ರಿ ಬಾಗಿಲವರೆಗೆ ಹೋದ. ಅಭ್ಯಾಸಬಲದಿಂದ ಗಂಟಲಲ್ಲಿ ಕೆಮ್ಮು ಎದ್ದಿತು. ಅದನ್ನು ನುಂಗಿಕೊಂಡ. ಎರಡು ಹೆಜ್ಜೆ ಹಿಂದೆ ಬಂದು, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಸದ್ದಾಗದ ಹಾಗೆ ಕೂತ. ಹಸಿವಾಗಿತ್ತು. ಕಿಟಕಿಯ ಬೆಳಕು ಅವನ ಪಾದದವರೆಗೆ ಬಂದು ನಿಂತಿತ್ತು. ಅವನು ಪಾದವನ್ನೂ ಹಿಂದಕ್ಕೆಳೆದುಕೊಂಡ. ಒಳಗೆ ತಂಗಿ ಮತ್ತೆ ನಗಲು ತೊಡಗಿದಳು.